ಟೊಮೆಟೊ ಹಾಕೋದಾ, ರಾಗಿ ಹಾಕೋದಾ? ಸಿಮ್ಯುಲೇಶನ್ ಹಳ್ಳಿಯ ಜನರಿಗೆ ತೀರ್ಮಾನ ಮಾಡಲು ಕಲಿಸುವ ಬಗೆ

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಕೋಲಾರ, ಚಿಂತಾಮಣಿ, ಮುಳಬಾಗಿಲು ಕಡೆಯವರಿಗೆ ಇದು ಹೊಸ ಕಥೆ ಅಲ್ಲ. ಏರಿಳಿತ ಎಷ್ಟು ದೊಡ್ಡದು ಅನ್ನೋದಷ್ಟೇ ಪ್ರತಿ ಸಲ ಬೇರೆ.

ಮಳೆ, ರೋಗ, ಲಾರಿ ಮುಷ್ಕರ ಹೀಗೆ ಕಾರಣಗಳು ಹತ್ತಾರು ಇರುತ್ತವೆ. ಆದರೆ ಇವ್ಯಾವುದೂ ಇಲ್ಲದೆ, ಬರೀ ರೈತರು ತೀರ್ಮಾನ ತಗೊಳ್ಳುವ ರೀತಿಯಿಂದಲೇ ಬೆಲೆ ಹೀಗೆ ಕುಣಿಯಬಹುದಾ? ಈ ಪ್ರಶ್ನೆಯನ್ನು ಮೈಕ್ ಹಿಡಿದು ಊರಿನ ಮುಂದೆ ಕೇಳಿದರೆ ಉತ್ತರ ಸಿಗಲ್ಲ. ಒಂದು ಆಟಿಕೆ ಹಳ್ಳಿ ಕಟ್ಟಿ ನೋಡಬೇಕು. ಅದರೊಳಗೆ 200 ರೈತರು ಇರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಟೊಮೆಟೊ ಹಾಕೋದಾ ಬೇಡವಾ ಅಂತ ತೀರ್ಮಾನ ಮಾಡುತ್ತಾರೆ. ಆಮೇಲೆ ಊರಿಗೆ ಏನಾಗುತ್ತೆ ಅಂತ ನಾವು ಮೇಲಿಂದ ನೋಡುತ್ತೇವೆ. ಏಜೆಂಟ್ ಆಧಾರಿತ ಸಿಮ್ಯುಲೇಶನ್ ಅಂದರೆ ಇಷ್ಟೇ. (ಕೋಲಾರದಲ್ಲಿ ಏಜೆಂಟ್ ಅಂದರೆ ಮಂಡಿ ಕಮಿಷನ್ ಏಜೆಂಟ್. ಗೊಂದಲ ಬೇಡ ಅಂತ ನಾನು ಮುಂದೆ ಸೀದಾ ರೈತ ಅಂತಲೇ ಬರೆಯುತ್ತೇನೆ.)

ಇದರಲ್ಲಿ ಕೋಡ್ ಬರೆಯೋದು ಸುಲಭದ ಕೆಲಸ. ಕಷ್ಟ ಇರೋದು ಒಂದೇ ಕಡೆ: ಆ ರೈತನ ತಲೆಯೊಳಗೆ ಏನು ಇಡಬೇಕು? ಈ ಬರಹ ಪೂರ್ತಿ ಅದರ ಬಗ್ಗೆ. ಪೆನ್ನು, ಹಾಳೆ ಹತ್ತಿರ ಇಟ್ಟುಕೊಳ್ಳಿ. ಮೊದಲ ಅರ್ಧಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಥಾಮಸ್ ಶೆಲ್ಲಿಂಗ್ ಅಮೆರಿಕದ ಊರುಗಳಲ್ಲಿ ಕಪ್ಪು, ಬಿಳಿ ಜನ ಬೇರೆ ಬೇರೆ ಬಡಾವಣೆ ಸೇರೋದನ್ನು ಅರ್ಥಮಾಡಿಕೊಳ್ಳಲು ಕೂತಾಗ ಮನೆಯಲ್ಲಿದ್ದ ನಾಣ್ಯಗಳನ್ನೇ ಚೌಕಗಳ ಮೇಲೆ ಜೋಡಿಸಿ ಸರಿಸುತ್ತಿದ್ದರು. ಆ ಲೇಖನ ಬಂದದ್ದು 1971ರಲ್ಲಿ. 2005ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

ನನ್ನ ಮೊದಲ ಮಾದರಿಯಲ್ಲಿ ಮಳೆ ಇತ್ತು, ಊಜಿ ಇತ್ತು, ಬೋರ್‌ವೆಲ್ ಆಳ ಇತ್ತು, ಡೀಸೆಲ್ ಬೆಲೆ ಇತ್ತು, ಮಗಳ ಮದುವೆ ಖರ್ಚೂ ಇತ್ತು. ಮೂರು ವಾರ ಬರೆದೆ. ಓಡಿಸಿದರೆ ಪರದೆ ಮೇಲೆ ಗೆರೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಯಾಕೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. (ಊಜಿ ಕಾಡೋದು ರೇಷ್ಮೆ ಹುಳಕ್ಕೆ, ಟೊಮೆಟೊಗೆ ಅಲ್ಲ ಅಂತ ಗೊತ್ತಾಗಿದ್ದೂ ಆಮೇಲೆ.)

ಅದಕ್ಕೇ ಒಂದೇ ವಾಕ್ಯದ ಪ್ರಶ್ನೆ ಬರೆದು ಗೋಡೆಗೆ ಅಂಟಿಸಿ. ನಮ್ಮದು ಇದು: ಹೊರಗಿನ ಯಾವ ಪೆಟ್ಟೂ ಇಲ್ಲದೆ, ರೈತರ ತೀರ್ಮಾನದಿಂದಲೇ ಬೆಲೆ ಏರಿಳಿಯುತ್ತದಾ? ಈ ಪ್ರಶ್ನೆಗೆ ಬೇಡವಾದ್ದು ಮಾದರಿಯಲ್ಲೂ ಬೇಡ. ಮಳೆ ಔಟ್. ರೋಗ ಔಟ್.

2. ತೀರ್ಮಾನದ ಗಳಿಗೆ ಹುಡುಕಿ

ಜನ ದಿನವಿಡೀ ತೀರ್ಮಾನ ಮಾಡುತ್ತಾ ಕೂರುವುದಿಲ್ಲ. ಒಂದು ಗಳಿಗೆ ಇರುತ್ತದೆ. ಟೊಮೆಟೊ ವಿಷಯದಲ್ಲಿ ಅದು ನರ್ಸರಿಗೆ ಹೋಗಿ ಸಸಿ ಬುಕ್ ಮಾಡುವ ಗಳಿಗೆ. ಸಸಿ ತಯಾರಾಗಲು ಸುಮಾರು ಒಂದು ತಿಂಗಳು. ನಾಟಿ ಮಾಡಿದ ಮೇಲೆ ಮೊದಲ ಕೊಯ್ಲಿಗೆ ಇನ್ನೂ ಎರಡು ತಿಂಗಳಿಗಿಂತ ಜಾಸ್ತಿ. ಅಂದರೆ ಬುಕ್ ಮಾಡುವಾಗ ಕಿವಿಯಲ್ಲಿರೋದು ಇವತ್ತಿನ ಮಂಡಿ ರೇಟು, ಕೈಗೆ ಸಿಗೋದು ಮೂರು ತಿಂಗಳಾಚೆಯ ರೇಟು. ಈ ಮೂರು ತಿಂಗಳ ಗ್ಯಾಪ್ ನಿಮ್ಮ ಮಾದರಿಯಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಆ ಗಳಿಗೆಯ ಬಗ್ಗೆ ನಾಲ್ಕು ವಿಷಯ ಬರೆದುಕೊಳ್ಳಿ. ಆಗ ಅವನ ಕಣ್ಣಿಗೆ ಏನು ಕಾಣುತ್ತೆ? ಏನು ನೆನಪಿದೆ? ಏನು ಬೇಕು? ಏನು ಕೈಲಾಗುತ್ತೆ? ಮೊದಲ ಮೂರನ್ನು ಎಲ್ಲರೂ ಬರೆಯುತ್ತಾರೆ. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಡ್ರಿಪ್, ಮಲ್ಚಿಂಗ್ ಪೇಪರ್, ಕಡ್ಡಿ, ದಾರ, ಔಷಧಿ ಎಲ್ಲ ಸೇರಿ ಟೊಮೆಟೊ ದುಬಾರಿ ಬೆಳೆ. ಮನಸ್ಸಿದ್ದರೂ ದುಡ್ಡಿಲ್ಲದವನು ಹಾಕಲಾರ. ಮನಸ್ಸಿಲ್ಲದಿದ್ದರೂ ಮಂಡಿಯಿಂದ ಅಡ್ವಾನ್ಸ್ ತಗೊಂಡವನು ಹಾಕಲೇಬೇಕು. ಇದಕ್ಕೆ ಆಮೇಲೆ ಬರುತ್ತೇನೆ.

3. ಊರನ್ನು ಹಾಳೆಯ ಮೇಲೆ ಕಟ್ಟಿ

ಈಗ ಸಂಖ್ಯೆಗಳು. ಇವು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟವು, ಕೋಲಾರದ ಅಂಕಿಅಂಶ ಅಲ್ಲ.

200 ರೈತರು. ಒಬ್ಬೊಬ್ಬರಿಗೆ ಒಂದೊಂದು ಎಕರೆ. ಪ್ರತಿ ಹಂಗಾಮಿಗೆ ಎರಡೇ ಆಯ್ಕೆ: ಟೊಮೆಟೊ ಅಥವಾ ರಾಗಿ. (ವರ್ಷಕ್ಕೆ ಮೂರು ಸಲ ರಾಗಿನಾ ಅಂತ ನಗಬೇಡಿ. ‘ಕಡಿಮೆ ಖರ್ಚಿನ, ಕಡಿಮೆ ಆದಾಯದ, ನೆಮ್ಮದಿಯ ಬೆಳೆ’ ಅನ್ನೋದಕ್ಕೆ ಇಟ್ಟ ಹೆಸರು ಅದು.) ಬಾಕ್ಸ್ ಬೆಲೆ ಎಷ್ಟು ಜನ ಟೊಮೆಟೊ ಹಾಕಿದರು ಅನ್ನೋದರ ಮೇಲೆ ನಿಲ್ಲುತ್ತದೆ. 600ರಿಂದ, ಟೊಮೆಟೊ ಹಾಕಿದವರ ಸಂಖ್ಯೆಯ ನಾಲ್ಕರಷ್ಟನ್ನು ಕಳೆಯಿರಿ. 20 ರೂಪಾಯಿಗಿಂತ ಕೆಳಗೆ ಹೋಗಲ್ಲ ಅಂತ ಇಟ್ಟುಕೊಳ್ಳಿ. ಬಾಕ್ಸಿಗೆ 200 ಸಿಕ್ಕರೆ ರಾಗಿಗೂ ಟೊಮೆಟೊಗೂ ಸಮಸಮ. ಅದಕ್ಕಿಂತ ಮೇಲೆ ಸಿಕ್ಕರೆ ಗಿಟ್ಟುತ್ತದೆ.

ಹಾಗಾದರೆ ಊರಿನಲ್ಲಿ ಸರಿಯಾಗಿ 100 ಜನ ಹಾಕಿದರೆ ಬೆಲೆ 200. ಯಾರಿಗೂ ಬೇಜಾರಿಲ್ಲ. ಪಠ್ಯಪುಸ್ತಕದ ಅರ್ಥಶಾಸ್ತ್ರ ಇಲ್ಲಿಗೆ ನಿಲ್ಲುತ್ತದೆ: ಎಲ್ಲರೂ ಜಾಣರು, ಎಲ್ಲರಿಗೂ ಮುಂದಿನದು ಗೊತ್ತು, ಆದ್ದರಿಂದ 100. ಆದರೆ ಯಾವ 100 ಜನ? ಅವರಿಗೆ ಅದನ್ನು ಹೇಳಿದ್ದು ಯಾರು? ಆ ಪುಸ್ತಕ ಬಿಟ್ಟ ಕಡೆಯಿಂದ ನಮ್ಮ ಕೆಲಸ ಶುರು.

4. ಅತಿ ಪೆದ್ದು ನಿಯಮದಿಂದ ಶುರು ಮಾಡಿ

ಮೊದಲ ನಿಯಮ: ‘ಹೋದ ಹಂಗಾಮಿನ ಬೆಲೆ 200ಕ್ಕಿಂತ ಜಾಸ್ತಿ ಇದ್ದರೆ ಟೊಮೆಟೊ. ಇಲ್ಲದಿದ್ದರೆ ರಾಗಿ.’

ಹಾಳೆ ಮೇಲೆ ಓಡಿಸಿ. ಬೆಲೆ 250 ಇತ್ತು ಅನ್ನಿ. 200 ಜನರೂ ಟೊಮೆಟೊ ಹಾಕಿದರು. ಬೆಲೆ 20ಕ್ಕೆ ಬಿತ್ತು. ಮುಂದಿನ ಸಲ ಒಬ್ಬನೂ ಹಾಕಲಿಲ್ಲ. ಬೆಲೆ 600. ಅದರ ಮುಂದಿನ ಸಲ ಎಲ್ಲರೂ. ಮತ್ತೆ 20. ಹೀಗೆ 600, 20, 600, 20 ಅಂತ ಕೊನೆಯಿಲ್ಲದೆ ಹೋಗುತ್ತದೆ. ಅರ್ಥಶಾಸ್ತ್ರದಲ್ಲಿ ಇದು ಹಳೆಯ ವಿಷಯ. ಗ್ರಾಫಿನಲ್ಲಿ ಗೆರೆ ಜೇಡರ ಬಲೆಯ ಹಾಗೆ ಸುತ್ತುತ್ತದೆ ಅಂತ ಅದಕ್ಕೆ ಬಲೆಯ ಹೆಸರೇ ಇದೆ. 1930ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ.

ಪೆದ್ದು ನಿಯಮ ಯಾಕೆ ಮೊದಲು ಬೇಕು ಅಂದರೆ, ಅದರ ಉತ್ತರ ನಿಮಗೆ ಮೊದಲೇ ಗೊತ್ತು. ನಾಳೆ ಕೋಡ್ ಬರೆದಾಗ ಪರದೆ ಮೇಲೆ 600, 20 ಬರದಿದ್ದರೆ ತಪ್ಪು ನಿಮ್ಮ ಕೋಡಿನಲ್ಲಿದೆ, ರೈತನಲ್ಲಿ ಅಲ್ಲ. ಇದೊಂದು ತಕ್ಕಡಿಯ ಕಲ್ಲು. ಪ್ರತಿ ಹೊಸ ನಿಯಮ ಸೇರಿಸುವ ಮುಂಚೆ ಈ ಕಲ್ಲಿಟ್ಟು ತೂಗಿ.

5. ನೆನಪು ಕೊಡಿ, ಆದರೆ ಹುಷಾರು

‘ಜನ ಅಷ್ಟು ಪೆದ್ದರಲ್ಲ, ಒಂದೇ ಸಲದ ಬೆಲೆ ನೋಡಿ ಕುಣಿಯಲ್ಲ’ ಅಂತ ನೀವು ಹೇಳಬಹುದು. ಸರಿ. ಹಿಂದಿನ ಎರಡು ಹಂಗಾಮಿನ ಸರಾಸರಿ ನೋಡಲಿ. ಈಗ ಓಡಿಸಿ.

ಹಿಂದಿನ ಎರಡು ಬೆಲೆ 20 ಮತ್ತು 600. ಸರಾಸರಿ 310. ಎಲ್ಲರೂ ಹಾಕಿದರು, 20 ಬಂತು. ಈಗ ಹಿಂದಿನ ಎರಡು 600 ಮತ್ತು 20. ಸರಾಸರಿ ಮತ್ತೆ 310. ಮತ್ತೆ ಎಲ್ಲರೂ ಹಾಕಿದರು, ಮತ್ತೆ 20. ಈಗ 20 ಮತ್ತು 20. ಯಾರೂ ಹಾಕಲಿಲ್ಲ, 600. ಅಂದರೆ 600, 20, 20, 600, 20, 20.

ನೋಡಿ, ನೆನಪು ಉದ್ದ ಆದ ಮೇಲೆ ಊರಿನ ಗತಿ ಇನ್ನೂ ಕೆಟ್ಟಿತು. ಮೊದಲು ಎರಡರಲ್ಲಿ ಒಂದು ಹಂಗಾಮು ನಷ್ಟ, ಈಗ ಮೂರರಲ್ಲಿ ಎರಡು. ಒಬ್ಬನಿಗೆ ಬುದ್ಧಿ ಅನಿಸೋದು ಎಲ್ಲರೂ ಒಟ್ಟಿಗೆ ಮಾಡಿದಾಗ ಬುದ್ಧಿಯಾಗಿ ಉಳಿಯಲ್ಲ. ಇದನ್ನು ನಾನು ಮೊದಲ ಸಲ ಹಾಳೆಯ ಮೇಲೆ ಕಂಡಾಗ ಲೆಕ್ಕ ತಪ್ಪಿದೆ ಅಂತ ಎರಡು ಸಲ ಪುನಃ ಮಾಡಿದ್ದೆ.

6. ಸರಾಸರಿ ರೈತನನ್ನು ಬಿಟ್ಟುಬಿಡಿ

ಇಲ್ಲಿಯವರೆಗೆ 200 ಜನರೂ ಒಂದೇ ಅಚ್ಚು. ಅದೇ ತೊಂದರೆ ಇರಬಹುದು ಅಲ್ವಾ? ಒಬ್ಬನಿಗೆ 110 ರೂಪಾಯಿ ಕಂಡರೂ ಸಾಕು ನುಗ್ಗುತ್ತಾನೆ. ಇನ್ನೊಬ್ಬ 290 ಕಾಣುವ ತನಕ ಅಲ್ಲಾಡಲ್ಲ. ಹಾಗೆ ಪ್ರತಿಯೊಬ್ಬನಿಗೂ ಒಂದೊಂದು ಗೆರೆ ಕೊಡೋಣ: ಮೊದಲನೆಯವನಿಗೆ 101, ಎರಡನೆಯವನಿಗೆ 102, ಹೀಗೆ ಕೊನೆಯವನಿಗೆ 300. ಹೋದ ಸಲದ ಬೆಲೆ ತನ್ನ ಗೆರೆ ಮುಟ್ಟಿದರೆ ಟೊಮೆಟೊ ಹಾಕುತ್ತಾನೆ.

ಬೆಲೆ 200 ಇದ್ದರೆ 100 ಜನ ಹಾಕುತ್ತಾರೆ, ಬೆಲೆ 200ರಲ್ಲೇ ನಿಲ್ಲುತ್ತದೆ. ಭೇಷ್. ಈಗ ಒಂದು ಚಿಟಿಕೆ ಅಲ್ಲಾಡಿಸಿ: ಬೆಲೆ 210 ಆಯಿತು ಅನ್ನಿ. 110 ಜನ ಹಾಕಿದರು, ಬೆಲೆ 160. ಮುಂದಿನ ಸಲ 60 ಜನ, ಬೆಲೆ 360. ಈಗ ಎಲ್ಲರ ಗೆರೆಯೂ ದಾಟಿತು, 200 ಜನ, ಬೆಲೆ 20. ಆಮೇಲೆ ಯಾರೂ ಇಲ್ಲ, 600. ಹತ್ತು ರೂಪಾಯಿಯ ಅಲ್ಲಾಟ ನಾಲ್ಕೇ ಹಂಗಾಮಿನಲ್ಲಿ ಪೂರ್ತಿ ಕುಣಿತಕ್ಕೆ ತಲುಪಿತು. ಜನ ಬೇರೆ ಬೇರೆ ಇದ್ದ ಮಾತ್ರಕ್ಕೆ ನೆಮ್ಮದಿ ಬರಲ್ಲ.

ಆದರೂ ಈ ಭೇದ ಇಟ್ಟುಕೊಳ್ಳಿ. ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಉದಾಹರಣೆ ಯಾಕೆ ಅಂತ ತೋರಿಸುತ್ತದೆ. ಬೀದಿಯಲ್ಲಿ 100 ಜನ ಸೇರಿದ್ದಾರೆ. ಒಬ್ಬ ಯಾರೂ ಇಲ್ಲದಿದ್ದರೂ ಕಲ್ಲು ಎಸೆಯುವವನು. ಇನ್ನೊಬ್ಬ, ಒಬ್ಬ ಎಸೆದರೆ ತಾನೂ ಎಸೆಯುವವನು. ಮತ್ತೊಬ್ಬನಿಗೆ ಇಬ್ಬರು ಬೇಕು. ಹೀಗೆ ಕೊನೆಯವನಿಗೆ 99 ಜನ ಬೇಕು. ಮೊದಲನೆಯವನು ಎಸೆದ, ಎರಡನೆಯವನು ಸೇರಿದ, ಸರಪಳಿ ಹಾಗೇ ಹೋಗಿ 100 ಜನರೂ ದೊಂಬಿಗೆ ಇಳಿದರು. ಈಗ ‘ಒಬ್ಬ ಸಾಕು’ ಅನ್ನುವವನ ಜಾಗಕ್ಕೆ ‘ಇಬ್ಬರು ಬೇಕು’ ಅನ್ನುವ ಒಬ್ಬನನ್ನು ಹಾಕಿ. ಮೊದಲನೆಯವನು ಎಸೆಯುತ್ತಾನೆ, ಅಷ್ಟೇ. ಸರಪಳಿ ಅಲ್ಲೇ ಕಡಿಯಿತು. ಸರಾಸರಿ ಲೆಕ್ಕ ಹಾಕಿದರೆ ಎರಡೂ ಗುಂಪು ಒಂದೇ ಥರ ಕಾಣುತ್ತವೆ. ಒಂದರಲ್ಲಿ ದೊಂಬಿ, ಇನ್ನೊಂದರಲ್ಲಿ ಒಬ್ಬ ತಲೆಕೆಟ್ಟವನು.

7. ಅಭ್ಯಾಸ ಅನ್ನೋದನ್ನು ಸೇರಿಸಿ

ನನಗೆ ತುಂಬಾ ಇಷ್ಟವಾದ ಹಂತ ಇದು. ಹರ್ಬರ್ಟ್ ಸೈಮನ್ 1950ರ ದಶಕದಿಂದ ಒಂದೇ ಮಾತನ್ನು ಹೇಳುತ್ತಾ ಬಂದರು: ಮನುಷ್ಯ ಅತ್ಯುತ್ತಮವಾದ್ದನ್ನು ಹುಡುಕುತ್ತಾ ಕೂರಲ್ಲ, ‘ಇಷ್ಟಿದ್ದರೆ ಸಾಕು’ ಅನಿಸಿದ ಕಡೆ ನಿಲ್ಲುತ್ತಾನೆ. 1978ರಲ್ಲಿ ಅವರಿಗೂ ನೊಬೆಲ್ ಬಂತು. ನಮ್ಮ ಊರಿನಲ್ಲೂ ಬಹಳ ಜನ ಪ್ರತಿ ಹಂಗಾಮಿಗೂ ಹೊಸದಾಗಿ ಯೋಚನೆ ಮಾಡಲ್ಲ. ಹೋದ ಸಲ ಹಾಕಿದ್ದನ್ನೇ ಈ ಸಲವೂ ಹಾಕುತ್ತಾರೆ.

ನಿಯಮ: ಪ್ರತಿ ಹಂಗಾಮಿಗೆ ನಾಲ್ಕರಲ್ಲಿ ಒಬ್ಬ ಮಾತ್ರ ಯೋಚಿಸುತ್ತಾನೆ, ಅದೂ ನಮ್ಮ ಪೆದ್ದು ನಿಯಮದಲ್ಲೇ. ಉಳಿದ ಮೂವರು ಹಿಂದಿನದನ್ನೇ ಮುಂದುವರಿಸುತ್ತಾರೆ.

60 ಜನ ಟೊಮೆಟೊ ಹಾಕಿದ್ದಾರೆ, ಬೆಲೆ 360. ಯೋಚಿಸಿದ 50 ಜನರೂ ಟೊಮೆಟೊ ಕಡೆ. ಸರಾಸರಿಯಲ್ಲಿ ಅವರಲ್ಲಿ 15 ಜನ ಮೊದಲೇ ಟೊಮೆಟೊದವರು. ಹಾಗಾಗಿ ಹೊಸಬರು 35, ಒಟ್ಟು 95. ಬೆಲೆ 220. ಇನ್ನೂ 26 ಜನ ಸೇರಿ 121. ಬೆಲೆ 116. ಈಗ 30 ಜನ ಬಿಟ್ಟು 91. ಬೆಲೆ 236. ಹೀಗೇ ಮುಂದುವರಿಸಿದರೆ ಹಾಕುವವರ ಸಂಖ್ಯೆ ಸುಮಾರು 86 ಮತ್ತು 114ರ ನಡುವೆ, ಬೆಲೆ ಸುಮಾರು 144 ಮತ್ತು 256ರ ನಡುವೆ ಓಡಾಡುತ್ತಾ ನಿಲ್ಲುತ್ತದೆ.

600–20ರ ಕುಣಿತ ಎಲ್ಲಿ, ಇದೆಲ್ಲಿ! ಯಾರಿಗೂ ಬುದ್ಧಿ ಜಾಸ್ತಿ ಆಗಿಲ್ಲ. ಮುಕ್ಕಾಲು ಜನ ಯೋಚನೆ ಮಾಡೋದನ್ನೇ ಬಿಟ್ಟರು, ಊರು ಬದುಕಿತು. ‘ಬೆಲೆ ನೋಡಿ ಬೆಳೆ ಹಾಕಿ’ ಅಂತ ಎಲ್ಲ ರೈತರಿಗೂ ದಿನಾ ಮೆಸೇಜ್ ಕಳಿಸುವ ಯೋಜನೆ ಯಾರಾದರೂ ತಂದರೆ ನಾನು ಮೊದಲು ಈ ಲೆಕ್ಕ ತೋರಿಸುತ್ತೇನೆ.

8. ಪಕ್ಕದ ಹೊಲ ನೋಡುವವರು

ಅಭ್ಯಾಸ ಒಂದು ದಾರಿ. ನಕಲು ಇನ್ನೊಂದು. ವಾಂಡರ್ ಯಾಗರ್ ಮತ್ತು ಮಾರ್ಕೊ ಯಾನ್ಸನ್ ಕಟ್ಟಿದ ‘ಕನ್ಸುಮ್ಯಾಟ್’ ಅನ್ನುವ ಮಾದರಿ ಈ ದಾರಿಗಳನ್ನು ಚೆನ್ನಾಗಿ ಹೊಂದಿಸುತ್ತದೆ. ಅದರಲ್ಲಿ ಎರಡೇ ಪ್ರಶ್ನೆ: ಈಗಿರೋದರಲ್ಲಿ ತೃಪ್ತಿ ಇದೆಯಾ? ಮುಂದಿನದರ ಬಗ್ಗೆ ಧೈರ್ಯ ಇದೆಯಾ? ತೃಪ್ತಿಯೂ ಧೈರ್ಯವೂ ಇದ್ದರೆ ಹಿಂದಿನದನ್ನೇ ಮಾಡುತ್ತಾನೆ. ತೃಪ್ತಿ ಇದ್ದು ಧೈರ್ಯ ಇಲ್ಲದಿದ್ದರೆ ಪಕ್ಕದವನನ್ನು ನಕಲು ಮಾಡುತ್ತಾನೆ. ತೃಪ್ತಿ ಇಲ್ಲ ಆದರೆ ಧೈರ್ಯ ಇದೆ ಅಂದರೆ ಕೂತು ಲೆಕ್ಕ ಹಾಕುತ್ತಾನೆ. ಎರಡೂ ಇಲ್ಲದಿದ್ದರೆ ತನ್ನಂಥವರು ಏನು ಮಾಡುತ್ತಿದ್ದಾರೆ ಅಂತ ವಿಚಾರಿಸಿ, ತನ್ನದಕ್ಕೆ ಹೋಲಿಸಿ ನೋಡುತ್ತಾನೆ. ಒಬ್ಬನೇ ರೈತ ನಷ್ಟದ ವರ್ಷ ಒಂದು ಥರ, ಲಾಭದ ವರ್ಷ ಇನ್ನೊಂದು ಥರ ತೀರ್ಮಾನ ಮಾಡುತ್ತಾನೆ ಅನ್ನೋದನ್ನು ಇಷ್ಟು ಸರಳವಾಗಿ ಹಿಡಿದ ಮಾದರಿ ನಾನು ಬೇರೆ ಕಂಡಿಲ್ಲ.

ನಕಲು ಬರೆಯುವಾಗ ಒಂದು ಗುಂಡಿ ಇದೆ. ‘ಅಕ್ಕಪಕ್ಕದ ಐವರಲ್ಲಿ ಯಾರು ಜಾಸ್ತಿ ಸಂಪಾದಿಸಿದರೋ ಅವರ ಬೆಳೆ ಹಾಕು’ ಅಂತ ಬರೆದಿರಿ ಅನ್ನಿ. ಒಂದು ಸಲ ಹೇಗೋ 200 ಜನರೂ ಟೊಮೆಟೊ ಹಾಕಿಬಿಟ್ಟರು. ಬೆಲೆ 20, ಎಲ್ಲರೂ ಮುಳುಗಿದರು. ಆದರೆ ಸುತ್ತ ನೋಡಿದರೆ ರಾಗಿ ಹಾಕಿದವನು ಒಬ್ಬನೂ ಇಲ್ಲ. ಯಾರನ್ನು ನಕಲು ಮಾಡೋದು? ಪಾಪ, ಮುಂದಿನ ಸಾವಿರ ಹಂಗಾಮೂ ಎಲ್ಲರೂ 20 ರೂಪಾಯಿಗೆ ಟೊಮೆಟೊ ಮಾರುತ್ತಲೇ ಇರುತ್ತಾರೆ. ಅದಕ್ಕೇ ನೂರರಲ್ಲಿ ನಾಲ್ಕೈದು ಜನ ಸುಮ್ನೆ ಬೇರೆಯದನ್ನು ಹಾಕಿ ನೋಡಲಿ ಅಂತ ಒಂದು ಸಾಲು ಸೇರಿಸಿ. ಪ್ರತಿ ಊರಿನಲ್ಲೂ ಅಂಥವರು ಇದ್ದೇ ಇರುತ್ತಾರೆ.

9. ಸೋತವನ ಲೆಕ್ಕ ಬೇರೆ

ಪುಸ್ತಕದ ಜಾಣ ಮನುಷ್ಯ ನಷ್ಟವಾದರೆ ಹಿಂದೆ ಸರಿಯುತ್ತಾನೆ. ಊರಿನಲ್ಲಿ ಕೇಳುವ ಮಾತು ಬೇರೆ: ‘ಕಳಕೊಂಡಲ್ಲೇ ಹುಡುಕಬೇಕು.’ ಟೊಮೆಟೊದಲ್ಲಿ ಹೋದ ದುಡ್ಡು ರಾಗಿಯಲ್ಲಿ ವಾಪಸ್ ಬರಲ್ಲ, ಇನ್ನೊಂದು ಸಲ ಟೊಮೆಟೊನೇ ಹಾಕಬೇಕು. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಬರೆದದ್ದರಲ್ಲಿ ಇದೂ ಒಂದು. ಲಾಭದಲ್ಲಿರುವಾಗ ಜನ ಕೈಯಲ್ಲಿರೋದನ್ನು ಗಟ್ಟಿ ಹಿಡಿಯುತ್ತಾರೆ. ನಷ್ಟದಲ್ಲಿರುವಾಗ ಅದನ್ನು ತುಂಬಿಕೊಳ್ಳಲು ಜೂಜಿಗೂ ಸಿದ್ಧರಾಗುತ್ತಾರೆ.

ಇದನ್ನು ಮಾದರಿಗೆ ತರಲು ಪ್ರತಿ ರೈತನಿಗೂ ಒಂದು ಲೆಕ್ಕದ ಪುಸ್ತಕ ಕೊಡಿ. ಅದರಲ್ಲಿ ಕೈಯಲ್ಲಿರುವ ದುಡ್ಡು, ಸಾಲ ಎರಡೂ ಇರಲಿ. ಸಾಲ ಒಂದು ಮಟ್ಟ ದಾಟಿದವನ ಗೆರೆಯನ್ನು 200ರಿಂದ 150ಕ್ಕೆ ಇಳಿಸಿ. ಆಮೇಲೆ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಅದೇ ಗೆರೆಯನ್ನು 250ಕ್ಕೆ ಏರಿಸಿ. ಎರಡನ್ನೂ ಓಡಿಸಿ. ನಿಮ್ಮೂರಿನವರು ಯಾವ ಥರ ಅನ್ನೋದನ್ನು ನೀವು ಮೊದಲೇ ತೀರ್ಮಾನಿಸಬೇಡಿ.

10. ಯಾರು ಮೊದಲು, ಯಾರು ಆಮೇಲೆ

ಕೋಡ್ ಬರೆಯುವವರು ಯೋಚನೆಯೇ ಮಾಡದೆ ಮಾಡುವ ಒಂದು ತೀರ್ಮಾನ ಇದೆ. 200 ಜನ ಒಂದೇ ಕ್ಷಣದಲ್ಲಿ ತೀರ್ಮಾನ ಮಾಡುತ್ತಾರಾ, ಒಬ್ಬರ ಹಿಂದೆ ಒಬ್ಬರಾ?

ಒಬ್ಬೊಬ್ಬರಾಗಿ ನರ್ಸರಿಗೆ ಬರಲಿ. ಬಂದವನು ಇಲ್ಲಿಯವರೆಗೆ ಎಷ್ಟು ಜನ ಬುಕ್ ಮಾಡಿದ್ದಾರೆ ಅಂತ ಕೇಳುತ್ತಾನೆ. ತಾನೂ ಸೇರಿದರೆ ಬೆಲೆ ಎಷ್ಟಾದೀತು ಅಂತ ನಮ್ಮ ಸೂತ್ರದಲ್ಲೇ ಅಂದಾಜು ಮಾಡುತ್ತಾನೆ. 200 ಸಿಗುವಂತಿದ್ದರೆ ಹಾಕುತ್ತಾನೆ. ನೂರನೆಯವನಿಗೆ ಸರಿಯಾಗಿ 200 ಕಾಣುತ್ತದೆ. ನೂರಾ ಒಂದನೆಯವನು ವಾಪಸ್ ಹೋಗುತ್ತಾನೆ. ಬೆಲೆ 200, ಏರಿಳಿತವೇ ಇಲ್ಲ.

ಇದೇನು ಪವಾಡ ಅಲ್ಲ. ಹಳೆಯ ಬೆಲೆಯ ಬದಲು ಬುಕಿಂಗ್ ಪುಸ್ತಕ ಅವರ ಕಣ್ಣಿಗೆ ಬಿತ್ತು, ಸೂತ್ರವೂ ತಲೆಯಲ್ಲಿತ್ತು, ಅಷ್ಟೇ. ನಿಜದಲ್ಲಿ ಸೂತ್ರ ಯಾರಿಗೂ ಗೊತ್ತಿರಲ್ಲ. ಮದನಪಲ್ಲಿಯಲ್ಲಿ ಎಷ್ಟು ಸಸಿ ಹೋಯಿತು, ನಾಸಿಕ್ ಕಡೆ ಎಷ್ಟು ಅಂತಲೂ ಗೊತ್ತಿರಲ್ಲ. ಆದರೆ ‘ಈ ಸಲ ನರ್ಸರಿಯಲ್ಲಿ ಸಸಿಯೇ ಸಿಗ್ತಿಲ್ಲ, ಬೆಲೆ ಬೀಳುತ್ತೆ ಬಿಡು’ ಅಂತ ಲೆಕ್ಕ ಹಾಕುವ ಹಿರಿಯರು ಇದ್ದಾರೆ. ನೀವು ಯಾವ ಕ್ರಮ ಆರಿಸಿದಿರಿ ಅಂತ ಬರೆದಿಡಿ. ಅದು ಕೋಡಿನ ಅನುಕೂಲಕ್ಕೆ ಆದ ಆಯ್ಕೆಯಾದರೆ ಅದನ್ನೂ ಒಪ್ಪಿಕೊಳ್ಳಿ.

ಇದರ ಅಣ್ಣನಂಥ ಒಂದು ಲೆಕ್ಕ ಅಮೆರಿಕದ ಸಾಂಟಾ ಫೆ ಊರಿನದು. ಅಲ್ಲಿನ ಎಲ್ ಫರೋಲ್ ಬಾರ್ ಮೇಲೆ ಬ್ರಯನ್ ಆರ್ಥರ್ 1994ರಲ್ಲಿ ಬರೆದರು. 100 ಜನ, 60ಕ್ಕಿಂತ ಕಡಿಮೆ ಜನ ಬಂದರೆ ಮಜಾ, ಜಾಸ್ತಿಯಾದರೆ ಉಸಿರುಕಟ್ಟು. ಎಲ್ಲರೂ ಒಂದೇ ಥರ ಊಹಿಸಿದರೆ ಊಹೆಯೇ ಸುಳ್ಳಾಗುತ್ತದೆ. ಆರ್ಥರ್ ಪ್ರತಿಯೊಬ್ಬನಿಗೂ ಬೇರೆ ಬೇರೆ ಊಹೆಯ ಉಪಾಯಗಳ ಗಂಟು ಕೊಟ್ಟರು. ಇತ್ತೀಚೆಗೆ ಯಾವುದು ಸರಿಹೋಯಿತೋ ಅದನ್ನು ಬಳಸು ಅಂದರು. ಬರುವವರ ಸಂಖ್ಯೆ 60ರ ಸುತ್ತ ಸುಳಿದಾಡಿತು. ನಮ್ಮ ರೈತರಿಗೂ ಇಂಥ ಗಂಟು ಕೊಡಬಹುದು: ಹೋದ ಸಲದಂತೆ, ಹೋದ ಸಲಕ್ಕೆ ಉಲ್ಟಾ, ಮೂರರ ಸರಾಸರಿ, ಹೋದ ವರ್ಷ ಇದೇ ತಿಂಗಳಿನಂತೆ.

11. ಈಗ ಕಂಪ್ಯೂಟರ್

ಹೊಸಬರಿಗೆ ಇಂಥ ಮಾದರಿ ಕಟ್ಟುವ ಸಾಫ್ಟ್‌ವೇರ್ ನೆಟ್‌ಲೋಗೊ ಸಾಕು. ಯೂರಿ ವಿಲೆನ್ಸ್ಕಿ 1999ರಲ್ಲಿ ಹೊರತಂದದ್ದು, ಉಚಿತ. ಶೆಲ್ಲಿಂಗ್ ಬಡಾವಣೆ, ಎಲ್ ಫರೋಲ್ ಎರಡೂ ಅದರ ಮಾದರಿಗಳ ಕಪಾಟಿನಲ್ಲೇ ಸಿಗುತ್ತವೆ, ಬಿಚ್ಚಿ ಓದಬಹುದು. ಪೈಥಾನ್ ಬರುವವರಿಗೆ ಮೆಸಾ ಅನ್ನುವ ಲೈಬ್ರರಿ ಇದೆ. ಎಕ್ಸೆಲ್‌ನಲ್ಲಿ ಮಾಡಿದರೂ ನಾನು ನಗಲ್ಲ.

ಬರೆಯುವ ಕ್ರಮ ಸರಳ. ಪ್ರತಿ ರೈತನಿಗೆ ಒಂದು ಸಾಲು: ಹೋದ ಸಲದ ಬೆಳೆ, ಗೆರೆ, ದುಡ್ಡು, ಸಾಲ, ನೆರೆಯವರು. ಪ್ರತಿ ಹಂಗಾಮಿಗೆ ನಾಲ್ಕು ಕೆಲಸ: ಎಲ್ಲರೂ ನೋಡುತ್ತಾರೆ, ಎಲ್ಲರೂ ತೀರ್ಮಾನಿಸುತ್ತಾರೆ, ಬೆಲೆ ಹುಟ್ಟುತ್ತದೆ, ಎಲ್ಲರ ಲೆಕ್ಕ ಬದಲಾಗುತ್ತದೆ. ‘ತೀರ್ಮಾನ’ ಅನ್ನುವ ಭಾಗವನ್ನು ಬೇರೆ ಡಬ್ಬಿಯಲ್ಲಿಡಿ. ಉಳಿದದ್ದನ್ನು ಮುಟ್ಟದೆ ಆ ಡಬ್ಬಿ ಮಾತ್ರ ಬದಲಿಸುವ ಹಾಗಿರಬೇಕು. ಇಲ್ಲದಿದ್ದರೆ ಬೆಲೆ ಬದಲಾದದ್ದು ನಿಯಮದಿಂದಲೋ, ನಿಮ್ಮ ಇನ್ಯಾವುದೋ ಕೈಚಳಕದಿಂದಲೋ ಅಂತ ಗೊತ್ತಾಗಲ್ಲ.

ಯಾರು ಯೋಚಿಸುತ್ತಾರೆ ಅನ್ನೋದು ಚೀಟಿ ಎತ್ತಿದ ಹಾಗೆ ಬರುವುದರಿಂದ ಪ್ರತಿ ಓಟವೂ ಬೇರೆ. ಒಂದು ಓಟದ ಗ್ರಾಫ್ ಹಿಡಿದುಕೊಂಡು ಮಾತಾಡಬೇಡಿ. ಒಂದೊಂದು ನಿಯಮಕ್ಕೂ ನೂರು ಓಟ ಓಡಿಸಿ, ಹರಹು ನೋಡಿ. ಆಮೇಲೆ ನಾಲ್ಕರಲ್ಲಿ ಒಬ್ಬ ಅನ್ನೋದನ್ನು ಎರಡರಲ್ಲಿ ಒಬ್ಬ, ಹತ್ತರಲ್ಲಿ ಒಬ್ಬ ಅಂತ ತಿರುಗಿಸಿ.

ಚಾಟ್‌ಬಾಟ್‌ಗೇ ರೈತನ ಪಾತ್ರ ಕೊಟ್ಟರೆ ಆಗಲ್ವಾ ಅಂತ ಈಗ ಎಲ್ಲರೂ ಕೇಳುತ್ತಾರೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್‌ನ ಸಂಶೋಧಕರು ಅಂಥ 25 ಪಾತ್ರಗಳ ಒಂದು ಪುಟ್ಟ ಊರನ್ನೇ ಕಟ್ಟಿದರು. ನೋಡಲು ಸೊಗಸಾಗಿತ್ತು. ಆದರೆ ಬೆಲೆ ಯಾಕೆ ಬಿತ್ತು ಅಂತ ಕೇಳಿದಾಗ ‘ಭಾಷಾಮಾದರಿ ಹಾಗಂದಿತು’ ಅಂತ ಉತ್ತರ ಕೊಡಬೇಕಾಗುತ್ತೆ. ನಾಲ್ಕರಲ್ಲಿ ಒಬ್ಬ ಯೋಚಿಸುತ್ತಾನೆ ಅನ್ನುವ ಸಾಲಿನಷ್ಟು ಸ್ಪಷ್ಟ ಉತ್ತರ ಅದರಿಂದ ಸಿಗಲ್ಲ. ನಾನು ಸದ್ಯಕ್ಕೆ ಬೇಡ ಅನ್ನುವವರ ಕಡೆ.

12. ಮೇಲಿನಿಂದ ಮಾತ್ರ ನೋಡಬೇಡಿ

ಬಹಳ ಮಾದರಿಗಳು ಎಡವೋದು ಇಲ್ಲೇ. ಬೆಲೆಯ ಗೆರೆ ನಿಜದ ಗೆರೆಯಂತೆ ಏರಿಳಿದರೆ ಸಾಕು ಅಂದುಕೊಳ್ಳುತ್ತಾರೆ. ಸರ್ಕಾರದ ಜಾಲತಾಣಗಳಾದ ಕೃಷಿ ಮಾರಾಟ ವಾಹಿನಿ, ಅಗ್‌ಮಾರ್ಕ್‌ನೆಟ್‌ನಲ್ಲಿ ಮಾರುಕಟ್ಟೆವಾರು ಆವಕ, ಬೆಲೆ ಸಿಗುತ್ತದೆ. ಅದರ ಪಕ್ಕ ನಿಮ್ಮ ಗ್ರಾಫ್ ಇಟ್ಟು ನೋಡಿ. ಏರಿಳಿತ ಹೊಂದಿದರೆ ಸಂತೋಷ. ಆದರೆ ಏರಿಳಿತವನ್ನು ನಮ್ಮ ಪೆದ್ದು ನಿಯಮವೂ ಕೊಡುತ್ತದೆ, ಎರಡು ಹಂಗಾಮಿನ ನೆನಪೂ ಕೊಡುತ್ತದೆ, ಗೆರೆಗಳ ನಿಯಮವೂ ಕೊಡುತ್ತದೆ. ಮೂರರಲ್ಲಿ ಯಾವುದು ನಿಜ?

ಕೆಳಗಿಳಿದು ಒಬ್ಬೊಬ್ಬ ರೈತನನ್ನು ನೋಡಬೇಕು. ಪೆದ್ದು ನಿಯಮದಲ್ಲಿ ಪ್ರತಿಯೊಬ್ಬನೂ ಪ್ರತಿ ಹಂಗಾಮಿಗೂ ಬೆಳೆ ಬದಲಿಸುತ್ತಾನೆ. ನಿಜದ ಊರಿನಲ್ಲಿ ಹಾಗೆ ಬದಲಿಸುವವರು ಎಷ್ಟು ಜನ? ಬೆಲೆ ಏನೇ ಇರಲಿ ವರ್ಷವಿಡೀ ಟೊಮೆಟೊ ಹಾಕುವವರು ಎಲ್ಲ ಕಡೆ ಇದ್ದಾರೆ. ಒಮ್ಮೆಯೂ ಮುಟ್ಟದವರೂ ಇದ್ದಾರೆ. ಅಲ್ಲಿಗೆ ಪೆದ್ದು ನಿಯಮ ಬಿತ್ತು, ಬೆಲೆಯ ಗೆರೆ ಎಷ್ಟೇ ಚೆನ್ನಾಗಿ ಹೊಂದಿದರೂ ಸರಿ. ಮೇಲಿನ ಒಂದು ಗುರುತು (ಬೆಲೆಯ ಏರಿಳಿತ), ಕೆಳಗಿನ ಎರಡು ಗುರುತು (ಯಾವಾಗಲೂ ಹಾಕುವವರು ಎಷ್ಟು, ಒಮ್ಮೆಯೂ ಹಾಕದವರು ಎಷ್ಟು), ಮೂರೂ ಒಟ್ಟಿಗೆ ಹೊಂದಬೇಕು. ಕಡಿಮೆಯಾದರೆ ಒಪ್ಪಬೇಡಿ.

ಜನರ ಹತ್ತಿರ ಕೇಳುವಾಗ ‘ನೀವು ಹೇಗೆ ತೀರ್ಮಾನ ಮಾಡ್ತೀರಿ?’ ಅಂತ ಕೇಳಬೇಡಿ. ಎಲ್ಲರೂ ನೀಟಾದ ಉತ್ತರ ಕೊಡುತ್ತಾರೆ. ‘ಹೋದ ಸಲ ಸಸಿ ಬುಕ್ ಮಾಡಿದ ದಿನ ಏನಾಯ್ತು, ಅವತ್ತು ಯಾರ ಜೊತೆ ಮಾತಾಡಿದ್ರಿ?’ ಅಂತ ಕೇಳಿ. ಇನ್ನೂ ಒಳ್ಳೆಯದು ಆಟ ಆಡಿಸೋದು. ಹತ್ತು ಜನರನ್ನು ಅರಳಿಕಟ್ಟೆ ಮೇಲೆ ಕೂರಿಸಿ. ಕೈಗೆ ಕೆಂಪು ಚೀಟಿ, ಕಂದು ಚೀಟಿ ಕೊಡಿ. ಒಂದೊಂದು ಚೀಟಿ ಗುಟ್ಟಾಗಿ ಮಡಚಿ ಹಾಕಲಿ. ಒಬ್ಬ ಇಪ್ಪತ್ತು ಜನಕ್ಕೆ ಸಮ, ಹಾಗಾಗಿ ಒಂದು ಕೆಂಪು ಚೀಟಿಗೆ 80 ರೂಪಾಯಿಯಂತೆ 600ರಿಂದ ಕಳೆದು ಬೆಲೆ ಕೂಗಿ. ಹನ್ನೆರಡು ಸುತ್ತು ಆಡಿಸಿ. ಸೆನೆಗಲ್ ನದಿ ಕಣಿವೆಯ ನೀರಾವರಿ ರೈತರ ಜೊತೆ ಫ್ರೆಂಚ್ ಸಂಶೋಧಕರು ಇಂಥ ಆಟ ಆಡಿಸಿ, ಅದರಿಂದಲೇ ತಮ್ಮ ಮಾದರಿಯ ಹೊಟ್ಟೆಯೊಳಗೆ ಏನಿದೆ ಅಂತ ಜನರಿಗೆ ತೋರಿಸಿದರು. 2001ರಲ್ಲಿ ಅದರ ಬಗ್ಗೆ ಬರೆದಿದ್ದಾರೆ.

ನನ್ನ ಮಾದರಿಯನ್ನು ನಾನು ಮೊದಲು ತೋರಿಸಿದ್ದು ಊರಿನಲ್ಲಿರುವ ದೊಡ್ಡಪ್ಪನಿಗೆ. ಗೆರೆಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಕೇಳಿದರು, ‘ಎಲ್ಲಾ ಸರಿ ಕಣಪ್ಪ, ಮಂಡಿಯೋರ ಸಾಲ ಎಲ್ಲೈತೆ ಇದ್ರಾಗೆ? ಅಡ್ವಾನ್ಸ್ ಈಸ್ಕೊಂಡ ಮ್ಯಾಲೆ ಹಾಕೋದಾ ಬೇಡ್ವಾ ಅಂತ ಯಾವನು ಯೋಚ್ನೆ ಮಾಡ್ತಾನೆ?’

ಎರಡನೇ ಹಂತದ ನಾಲ್ಕನೆಯ ಪ್ರಶ್ನೆಯನ್ನು, ‘ಏನು ಕೈಲಾಗುತ್ತೆ?’ ಅನ್ನೋದನ್ನು, ನಾನೂ ಮರೆತಿದ್ದೆ. ವಾಪಸ್ ಬಂದು 60 ಜನರಿಗೆ ಅಡ್ವಾನ್ಸ್ ಕೊಟ್ಟೆ. ಅವರು ಬೆಲೆ ಏನಿದ್ದರೂ ಟೊಮೆಟೊನೇ ಹಾಕಬೇಕು. ಉಳಿದ 140 ಜನ ಪೆದ್ದು ನಿಯಮದವರು. 600–20 ಇದ್ದದ್ದು 360–20 ಆಯಿತು. ಮೇಲಿನ ತುದಿ ಇಳಿಯಿತು, ಕೆಳಗಿನ ತುದಿ ಇದ್ದಲ್ಲೇ ಇತ್ತು. ಬೆಲೆ ಬಿದ್ದಾಗ ಆಗುವ ನಷ್ಟ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಫೋನಿನಲ್ಲಿ ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ.

13. ಬರೆದಿಡಿ

ಇನ್ನೊಬ್ಬರು ನಿಮ್ಮ ಊರನ್ನು ಮತ್ತೆ ಕಟ್ಟುವಂತಿರಬೇಕು. ಇದಕ್ಕೆ ಓಡಿಡಿ (ODD: ಮೇಲ್ನೋಟ, ವಿನ್ಯಾಸದ ಕಲ್ಪನೆಗಳು, ವಿವರಗಳು) ಅನ್ನುವ ನಮೂನೆ ಇದೆ. ವೋಲ್ಕರ್ ಗ್ರಿಮ್ ಮತ್ತು ಸಂಗಡಿಗರು 2006ರಲ್ಲಿ ತಂದದ್ದು. ಮನುಷ್ಯರ ತೀರ್ಮಾನದ ಬಗ್ಗೆ ಅದರಲ್ಲಿ ಜಾಗ ಸಾಲದು ಅಂತ 2013ರಲ್ಲಿ ಇನ್ನೊಂದು ಡಿ (ಡಿಸಿಷನ್, ಅಂದರೆ ತೀರ್ಮಾನ) ಸೇರಿಸಿದ ವಿಸ್ತರಣೆ ಬಂತು. ಅದರ ಪ್ರಶ್ನೆಗಳು ಸೀದಾ ಇವೆ: ಯಾರು ತೀರ್ಮಾನಿಸುತ್ತಾರೆ, ಏನನ್ನು ನೋಡಿ, ಏನು ಕಲಿಯುತ್ತಾರೆ, ಮುಂದಿನದನ್ನು ಹೇಗೆ ಊಹಿಸುತ್ತಾರೆ, ಒಬ್ಬರಿಂದ ಒಬ್ಬರು ಎಷ್ಟು ಬೇರೆ. ಕೋಡ್ ಮುಗಿದ ಮೇಲೆ ತುಂಬಿಸೋಣ ಅಂತ ಇಡಬೇಡಿ. ನಾನು ಈಗ ಎರಡನೇ ಹಂತದಲ್ಲೇ ಆ ಹಾಳೆ ತೆರೆಯುತ್ತೇನೆ. ಖಾಲಿ ಉಳಿದ ಜಾಗದ ಪಕ್ಕ ಪೆನ್ಸಿಲಿನಲ್ಲಿ ‘ದೊಡ್ಡಪ್ಪನನ್ನು ಕೇಳಬೇಕು’ ಅಂತ ಬರೆದಿರುತ್ತೇನೆ.